ಕೂರಿಸುವ ಗುಂಡಿಯ ಅಜ್ಜಿ

ಬೊಮೆಟ್ ಸೀಮೆಯ ಆ ಗುಡ್ಡದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತವರು ಯಾರೇ ಇರಲಿ, ಅವರನ್ನು ಮೊದಲು ಕೂರಿಸಿದವಳು ತಬುತನಿ. ಐದು ತಿಂಗಳು ತುಂಬಿದ ಕೂಸು ಬಂದರೆ ಸಾಕು, ಅಂಗಳದಲ್ಲಿ ಅದರ ಸೊಂಟ ಮುಳುಗುವಷ್ಟು ಗುಂಡಿ ತೋಡಿ, ಸುತ್ತ ಹಳೇ ಬಟ್ಟೆ ಒತ್ತಿ, ಅದರಲ್ಲಿ ಕೂರಿಸುವಳು. ಊರಿಗೆಲ್ಲ ಅವಳು ‘ಕೊಗೊ’, ಎಂದರೆ ಅಜ್ಜಿ. ಪಾದ್ರಿಯೇ ಎದುರು ಮಾತಾಡಿದರೂ, “ನಿನ್ನ ಕುಂಡಿ ಎಷ್ಟಗಲ ಇತ್ತು ಅಂತ ನನ್ನ ಗುದ್ದಲಿಗೆ ಗೊತ್ತು, ಸುಮ್ನಿರೋ” ಎಂದು ಬಾಯಿ ಮುಚ್ಚಿಸುವಳು.

ಚಹಾ ಎಲೆ ಕೀಳುವ ಚೆಲಂಗಾಟ್ ತನ್ನ ಮಗಳು ಚೆರೊನೊಳನ್ನು ತಂದಾಗ ಅದಕ್ಕೆ ಏಳು ತಿಂಗಳು. ಗುಂಡಿಯಲ್ಲಿಟ್ಟರೆ ನೀರು ಹೆಚ್ಚಾದ ಮುದ್ದೆಯ ಹಾಗೆ ಕುಸಿಯುತ್ತಿತ್ತು. ಅಜ್ಜಿ ಗುಂಡಿ ಆಳ ಮಾಡಿದಳು, ಇನ್ನಷ್ಟು ಬಟ್ಟೆ ತುರುಕಿದಳು. ವಾರ ಕಳೆದರೂ ಅದೇ ಕತೆ. ಕೂಸು ನಗಲಿಲ್ಲ, ಅಳಲೂ ಇಲ್ಲ. ಅದು ಅಜ್ಜಿಗೆ ಭಯ ಹುಟ್ಟಿಸಿತು.

ಆಮೇಲೆ ಅವಳು ಕೂಸನ್ನು ಬಿಟ್ಟು ತಾಯಿಯನ್ನು ಗಮನಿಸತೊಡಗಿದಳು. ಚೆಲಂಗಾಟ್ ಬೆನ್ನಿನಿಂದ ಮಗುವನ್ನು ಇಳಿಸುವಾಗ ಆಕಾಶ ನೋಡುತ್ತಿದ್ದಳು, ಹಾಲು ಕೊಡುವಾಗ ಬೇಲಿ ನೋಡುತ್ತಿದ್ದಳು.

“ಅಲ್ವೇ, ಕೂಸಿನ ಮುಖ ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ಮೊದಲ್ನೇದನ್ನ ಹಗಲೆಲ್ಲ ನೋಡ್ತಾ ಕೂತಿದ್ದೆ, ಕೊಗೊ. ಹೆತ್ತೋಳ ಕಣ್ಣೇ ತಾಗಿ ಹೋಯ್ತು ಅಂದ್ರು ಎಲ್ರೂ. ಇದಾದ್ರೂ ಉಳೀಲಿ ಅಂತ...”

ಆ ಮಾತು ಆಡಿದವರಲ್ಲಿ ತಬುತನಿಯೂ ಒಬ್ಬಳು. ತನ್ನ ಆರು ಮಕ್ಕಳನ್ನೂ ಕದ್ದು ನೋಡಿಯೇ ಬೆಳೆಸಿದವಳು.

ಹಿರಿಯರು ಎದೆಗೆ ಉಗುಳಿ ಹರಸಿದ ಕೂಸಿಗೆ ದೃಷ್ಟಿ ತಾಗುವುದಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ನೋಡುವ ಕಣ್ಣಿಗೇ ಉಗುಳುವ ಪದ್ಧತಿ ಮಾತ್ರ ಯಾವ ಕಾಲಕ್ಕೂ ಇರಲಿಲ್ಲ. ಅಜ್ಜಿ ಅದನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿದಳು. ಮೊದಲು ಕೂಸಿನ ಎದೆಗೆ, ಆಮೇಲೆ ಚೆಲಂಗಾಟಳ ತಲೆ ಹಿಡಿದು ಎರಡೂ ರೆಪ್ಪೆಗೆ ತುಂತುರು ಉಗುಳಿದಳು.

“ನಮ್ಮಜ್ಜಿ ಕಾಲದ ಮದ್ದು ಇದು. ಇನ್ನು ನಿನ್ನ ಕಣ್ಣು ಇರುವೇನೂ ಕೊಲ್ಲಲ್ಲ. ನೋಡು.”

ಚೆಲಂಗಾಟ್ ಗುಂಡಿಯ ಮುಂದೆ ಮಂಡಿಯೂರಿ ನೋಡಿದಳು. ಕೂಸು ಮುಖ ತಿರುಗಿಸಿ ಕೋಳಿಯನ್ನು ನೋಡಿತು.

“ನೋಡಿದ್ಯಾ ಕೊಗೊ, ಇದಕ್ಕೆ ನಾನು ಬೇಡ” ಎಂದು ಅವಳು ಏಳಹೋದಳು. ಅಜ್ಜಿ ಹೆಗಲು ಅದುಮಿ ಕೂರಿಸಿದಳು.

“ಏಳು ತಿಂಗಳು ನೀನು ಅದನ್ನ ಕಾಯ್ಸಿದ್ದೀಯ. ಅದು ಒಂದು ಗಳಿಗೆ ನಿನ್ನ ಕಾಯ್ಸಲಿ. ಮಾತಾಡ್ಸು ಅದನ್ನ.”

ಏನು ಹೇಳಬೇಕೋ ತಿಳಿಯದೆ ಚೆಲಂಗಾಟ್ ಅವತ್ತು ಕಿತ್ತ ಎಲೆಯ ಸುದ್ದಿ, ಮೇಸ್ತ್ರಿ ಬೈದದ್ದು, ಹಸು ಒದ್ದದ್ದು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು, ಆದರೂ ಕಣ್ಣು ಕೀಳಲಿಲ್ಲ. ಕೂಸು ಮೆಲ್ಲಗೆ ಅವಳತ್ತ ತಿರುಗಿತು. ಬಟ್ಟೆಯ ಒತ್ತು ಬಿಟ್ಟು ಮುಂದಕ್ಕೆ ಬಾಗಿ ಆ ಒದ್ದೆ ಕೆನ್ನೆಯನ್ನು ಅಂಗೈಯಲ್ಲಿ ಮುಟ್ಟಿತು.

“ಕೊಗೊ,” ಎಂದಳು ಚೆಲಂಗಾಟ್, “ಇದ್ರ ಕಣ್ಣಂಚಲ್ಲಿ ಒಂದು ಮಚ್ಚೆ ಇದೆ!”