ಶೀನಣ್ಣನ ಚೀಟಿ ಇಂಗ್ಲಿಷಿಗೆ ತಿರುಗಿದ ಮೇಲೆ

ಹೋದ ಭಾನುವಾರ ನನ್ನ ಮಗಳು ಹೋಟೆಲಿನಲ್ಲಿ ಬನ್ಸ್ ತಟ್ಟೆ ಮುಂದಿಟ್ಟುಕೊಂಡು ಅತ್ತಳು.

ಪೂರ್ವಿ ಚಿಕ್ಕವಳೇನಲ್ಲ. ಗುರುಗ್ರಾಮದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಅಪ್ಪ ತೀರಿಕೊಂಡಾಗಲೂ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತವಳು. ಅಂಥವಳು ನಾಲ್ಕು ಜನರ ಎದುರು ಅತ್ತಳೆಂದರೆ? ಬನ್ಸ್ ಗಟ್ಟಿಯಾಗಿತ್ತು, ನಿಜ. ಅದಕ್ಕೆ ಯಾರಾದರೂ ಅಳುತ್ತಾರೆಯೇ?

ದಿಲ್ಲಿಯ ದ್ವಾರಕಾದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂದಿನ ಮಾರ್ಕೆಟ್ಟಿನಲ್ಲಿ ಆ ಹೋಟೆಲಿದೆ. ಯಜಮಾನರು ಕುಂದಾಪುರ ಕಡೆಯ ಶೆಟ್ಟರು. (ಅಕ್ಕಪಕ್ಕದವರು ಅದನ್ನು 'ಮದ್ರಾಸಿ ಹೋಟೆಲ್' ಅನ್ನುತ್ತಾರೆ. ಶೆಟ್ಟರು ತಿದ್ದುವುದನ್ನು ಬಿಟ್ಟು ಬಹಳ ಕಾಲವಾಯಿತು.) ಅಲ್ಲಿನ ಅಡುಗೆಯವನು ಶೀನಣ್ಣ. ಅವನೂ ಆ ಕಡೆಯವನೇ. ಪೂರ್ವಿ ಸ್ಕೂಲ್ ಯೂನಿಫಾರಂನಲ್ಲಿ ಹೋಗುತ್ತಿದ್ದ ದಿನಗಳಿಂದ ಅವನ ಕೈಯಲ್ಲಿ ತಿಂದವಳು.

ನಮ್ಮ ಭಾನುವಾರದ ಆರ್ಡರ್ ಬದಲಾಗುವುದಿಲ್ಲ. ಅವಳಿಗೆ ಬನ್ಸ್, ನನಗೆ ನೀರುದೋಸೆ, ಸಾಂಬಾರ್ ಬೇಡ, ಚಟ್ನಿ ಜಾಸ್ತಿ. ಸಪ್ಲೈಯರ್ ಹುಡುಗ ಅದನ್ನು ಮೊಬೈಲಿನಲ್ಲಿ ಒತ್ತುತ್ತಾನೆ. ಒಳಗೆ ಅಡುಗೆಮನೆಯ ಪುಟ್ಟ ಮೆಷಿನ್ನಿನಿಂದ ಚೀಟಿ ಹೊರಬರುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯಲ್ಲಿ ಒಂದು ಮುಖ.

"ಪುಟ್ಟಿ ಬಂದಿದ್ದಾಳಾ?"

ಅವನು ನಮ್ಮನ್ನು ನೋಡಿರುತ್ತಿರಲಿಲ್ಲ. ಚೀಟಿಯಲ್ಲಿ ಓದಿರುತ್ತಿದ್ದ.

ಮೊದಲೆಲ್ಲ ಸಪ್ಲೈಯರ್‌ಗಳೂ ಊರ ಕಡೆಯವರೇ. ಕನ್ನಡದಲ್ಲಿ ಕೂಗಿದರೆ ಒಳಗೆ ಕೇಳಿಸುತ್ತಿತ್ತು. ಈಗ ಊರಿನಿಂದ ಯಾರು ಬರುತ್ತಾರೆ? ಈಗಿರುವ ಹುಡುಗರು ಬಿಹಾರದವರು, ಗಢವಾಲದವರು. ಅವರು ಇಂಗ್ಲಿಷಿನಲ್ಲಿ ಒತ್ತಿದ್ದು ಒಳಗೆ ಕನ್ನಡದಲ್ಲಿ ಬರುವಂತೆ ಮಾಡಿದ್ದು ಪೂರ್ವಿಯ ಕಂಪನಿಯ ಸಾಫ್ಟ್‌ವೇರ್. ಶೆಟ್ಟರು ಅದನ್ನು ಹಾಕಿಸಿದ್ದು ನಮ್ಮ ಮಾತಿನ ಮೇಲೆಯೇ.

ಅದನ್ನು ಹಾಕಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಪೂರ್ವಿ ತಾನೇ ಕೂತು 'ಕನ್ನಡ' ಅನ್ನುವುದನ್ನು ಆರಿಸಿದಳು. ಮೊದಲ ಚೀಟಿ ಬಂದಾಗ ಶೀನಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು, "ನೀರುದೋಸೆ ಅಂತ್ಲೇ ಬಂತಲ್ಲ ಮಾರಾಯ್ರೆ" ಎಂದು ನಕ್ಕ.

ಪೂರ್ವಿ ಹೇಳುತ್ತಾಳೆ: "ಅಮ್ಮ, ಆವತ್ತು ನಾನು ಅಲ್ಲಿ ಇರಲೇ ಇಲ್ಲ. ಇನ್‌ಸ್ಟಾಲ್ ಮಾಡೋಕೆ ಬೇರೆ ಹುಡುಗ ಬಂದಿದ್ದ."

ಅವಳೇ ಸರಿ ಇರಬೇಕು. ಬೇಕಾದವರನ್ನು ಬೇಕಾದ ಕಡೆ ಕೂರಿಸುವುದು ನನ್ನ ನೆನಪಿನ ಹಳೆಯ ಚಾಳಿ. ನಗು ಮಾತ್ರ ನಿಜ ಅಂದುಕೊಂಡಿದ್ದೇನೆ. ಅದೂ ಬೇರೆ ಯಾವುದೋ ದಿನದ್ದಿದ್ದರೆ?

ಇರಲಿ. ನನ್ನ ಕಣ್ಣಿನ ಆಪರೇಷನ್, ಅವಳ ಕೆಲಸದ ಒತ್ತಡ ಎಂದು ಈ ಚಳಿಗಾಲವೆಲ್ಲ ನಾವು ಹೋಟೆಲಿಗೆ ಹೋಗಿರಲಿಲ್ಲ. ಹೋದ ಭಾನುವಾರ ಹೋದೆವು. ಆರ್ಡರ್ ಹೇಳಿದೆವು. ಕಿಟಕಿ ಖಾಲಿ. ಬನ್ಸ್ ಬಂತು. ಮತ್ತೂ ಕಿಟಕಿ ಖಾಲಿ.

"ಶೆಟ್ಟಿ ಅಂಕಲ್, ಶೀನಣ್ಣ ಛುಟ್ಟೀ ಪೇ ಹೈ ಕ್ಯಾ?" ಪೂರ್ವಿ ಗಲ್ಲಾದ ಕಡೆ ತಿರುಗಿ ಕೇಳಿದಳು.

"ರಜೆ ಎಂತದ್ದು ಮಗಾ. ಬಿಟ್ಟು ಹೋದ. ಊರಲ್ಲಿ ತಂಗಿ ಮನೆಯಲ್ಲಿದ್ದಾನಂತೆ. ಮಂಡಿ ನೋವು ಅಂದ."

ಶೆಟ್ಟರು ಎದ್ದು ಬಂದು ನಮ್ಮ ಟೇಬಲ್ಲಿನಲ್ಲೇ ಕೂತರು. ದನಿ ತಗ್ಗಿಸಿದರು.

"ಮಂಡಿ ಅಲ್ಲಮ್ಮ. ನಿಮ್ಮ ಮೆಷಿನ್ ಏನೋ ಅಪ್‌ಡೇಟ್ ಆಯ್ತಲ್ಲ, ಚೀಟಿ ಎಲ್ಲ ಇಂಗ್ಲಿಷಲ್ಲಿ ಬರ್ಲಿಕ್ಕೆ ಶುರು. ನಾನು ತಲೆ ಕೆಡಿಸ್ಕೊಳ್ಲಿಲ್ಲ. ಇಷ್ಟು ವರ್ಷ ದಿಲ್ಲಿಯಲ್ಲಿ ಇದ್ದವನಿಗೆ ಇಡ್ಲಿ ದೋಸೆ ಅಂತ ಇಂಗ್ಲಿಷಲ್ಲಿ ಓದ್ಲಿಕ್ಕೆ ಬರುದಿಲ್ಲ ಅಂತ ಯಾರಿಗೆ ಗೊತ್ತು? ಅವ ಹೇಳ್ಲೂ ಇಲ್ಲ. ಚೀಟಿ ಹಿಡ್ಕೊಂಡು ಬೆಳಕಿಗೆ ಹೋಗುದು, 'ಕಣ್ಣು ಮಂಜು, ನೀನೇ ಓದು' ಅಂತ ಹುಡುಗರಿಗೆ ಹೇಳುದು. ಅವರಿಗೆ ತಮಾಷೆ. 'ಚಾಚಾ, ಚಶ್ಮಾ ಬನವಾ ಲೋ' ಅಂತ, ಕನ್ನಡಕ ಮಾಡಿಸ್ಕೊ ಅಂತ."

ಹುಡುಗರು ಕೈಗೆ ಸಿಗದಷ್ಟು ರಶ್ ಇದ್ದಾಗ ಶೀನಣ್ಣ ಅಂದಾಜಿನ ಮೇಲೆ ಕೆಲಸ ಮಾಡುತ್ತಿದ್ದನಂತೆ. ಒಂದು ಭಾನುವಾರ ಜೈನರ ಮನೆಯವರು ಬಂದರು. ವಯಸ್ಸಾದ ಹೆಂಗಸಿಗೆ ಈರುಳ್ಳಿ ಇಲ್ಲದ ರವೆ ದೋಸೆ. ಚೀಟಿಯ ಕೊನೆಯಲ್ಲಿ 'ನೋ ಆನಿಯನ್' ಎಂದು ಇಂಗ್ಲಿಷಿನಲ್ಲಿ ಇತ್ತು. ಶೀನಣ್ಣ ಈರುಳ್ಳಿಯನ್ನು ಚೆನ್ನಾಗಿಯೇ ಹಾಕಿದ. ಆಕೆ ಬಾಯಿಗಿಟ್ಟವರು ಅಲ್ಲೇ ಉಗುಳಿದರು. ಮಗ ಎದ್ದು ನಿಂತು ಕೂಗಾಡಿದ.

"ಎಲ್ಲರ ಎದುರು ಬೈದೆ ಅವನಿಗೆ," ಅಂದರು ಶೆಟ್ಟರು. "ಓದ್ಲಿಕ್ಕೆ ಎಂತ ದಾಡಿ ನಿಂಗೆ ಅಂದೆ. ಅಷ್ಟೇ ಅಂದದ್ದು."

ಆ ವಾರವೇ ಅವನು ಹೋದ.

ಪೂರ್ವಿಯ ಕೈ ತಟ್ಟೆಯ ಮೇಲೆ ನಿಂತಿತ್ತು. "ಅಂಕಲ್, ನೀವು ಇನ್ನೂ ಕನ್ನಡ ಪ್ರಿಂಟ್ ಯೂಸ್ ಮಾಡ್ತಾ ಇದ್ರಾ? ಡೇಟಾದಲ್ಲಿ ಝೀರೋ ಇತ್ತು. ಯಾರೂ ಯೂಸ್ ಮಾಡ್ತಿಲ್ಲ ಅಂತಲೇ ನಾನು ಆಫ್ ಮಾಡಿಸಿದ್ದು."

"ಝೀರೋ ಹೇಗೆ ಮಗಾ? ದಿನಾ ಬೆಳಗ್ಗಿಂದ ರಾತ್ರಿವರೆಗೆ ಅದೇ ಅಲ್ವಾ ಬರ್ತಿದ್ದದ್ದು?"

ಆಗ ಅವಳು ಅತ್ತಳು.

ಸಂಜೆ ನನಗೆ ಬಿಡಿಸಿ ಹೇಳಿದಳು. ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ಸಾಫ್ಟ್‌ವೇರ್ ಒಂದೇ, ಆದರೆ ಒಳಗೆ ಮನೆಯ ಸ್ವಿಚ್‌ಬೋರ್ಡಿನ ಹಾಗೆ ಬೇಕಾದಷ್ಟು ಸ್ವಿಚ್ಚುಗಳು. ಈ ಹೋಟೆಲಿಗೆ ಇದು ಆನ್, ಆ ಹೋಟೆಲಿಗೆ ಅದು ಆಫ್. ಆಫೀಸಿನಲ್ಲಿ ಅದಕ್ಕೆ 'ಫೀಚರ್ ಫ್ಲ್ಯಾಗ್' ಅನ್ನುತ್ತಾರೆ. ಯಾವ ಸ್ವಿಚ್ಚಿನಿಂದ ಯಾರಿಗೆ ಉಪಯೋಗವಾಗುತ್ತಿದೆ ಎಂಬ ಸುದ್ದಿ ತಾನಾಗಿಯೇ ಇನ್ನೊಂದು ಕಂಪನಿಯ ಅನಲಿಟಿಕ್ಸ್ ಸರ್ವೀಸಿಗೆ ಹೋಗುತ್ತದೆ. ಅಲ್ಲಿ ಗ್ರಾಫ್ ಆಗುತ್ತದೆ. ಗ್ರಾಫ್ ನೆಲಕ್ಕೆ ಬಿದ್ದಿದ್ದರೆ ಸ್ವಿಚ್ ಆಫ್ ಮಾಡುತ್ತಾರೆ. ವರ್ಷಕ್ಕೊಮ್ಮೆ ಕಪಾಟು ಕ್ಲೀನ್ ಮಾಡುವ ಹಾಗೆ.

ತಪ್ಪಾದದ್ದು ಎಲ್ಲಿ? ಯಾರಾದರೂ ಸೆಟ್ಟಿಂಗ್ಸಿಗೆ ಹೋಗಿ 'ಕನ್ನಡ' ಎಂದು ಆರಿಸಿದಾಗ ಮಾತ್ರ ಸುದ್ದಿ ಹೋಗುವಂತೆ ಬರೆದಿದ್ದರು. ಕನ್ನಡದಲ್ಲಿ ಚೀಟಿ ಬಂದಾಗ ಹೋಗುತ್ತಿರಲಿಲ್ಲ. ಶೆಟ್ಟರ ಹೋಟೆಲಿನಲ್ಲಿ ಅದನ್ನು ಮೊದಲ ದಿನ ಆರಿಸಿದ್ದು, ಆಮೇಲೆ ಯಾರೂ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೇ ಬೀಳಲಿಲ್ಲ. ಚೀಟಿ ಬರುತ್ತಿತ್ತು, ದೋಸೆ ಹೋಗುತ್ತಿತ್ತು.

ನೆಮ್ಮದಿಯಾಗಿ ಬಳಸುತ್ತಿದ್ದವನು ಲೆಕ್ಕಕ್ಕೇ ಇರಲಿಲ್ಲ.

ನಮ್ಮ ಸೊಸೈಟಿಯಲ್ಲೂ ಹೀಗೇ ಆಯಿತು. ಯಾರೂ ಕೂರುವುದಿಲ್ಲ ಎಂದು ಗೇಟಿನ ಪಕ್ಕದ ಬೆಂಚು ಕೀಳಿಸಿದರು. ಕಮಿಟಿಯವರು ನೋಡುತ್ತಿದ್ದದ್ದು ಸಂಜೆ. ಬೆಳಿಗ್ಗೆ ಹಾಲು ತಂದವರು ಉಸಿರು ಬಿಡಲು ಕೂರುತ್ತಿದ್ದರು. ಅವರು ಯಾರ ಬಳಿಯೂ ದೂರು ಹೇಳಲಿಲ್ಲ. ಈಗ ಗೋಡೆಗೆ ಒರಗಿ ನಿಲ್ಲುತ್ತಾರೆ. ಗೊಣಗುವವರ ಸಂಖ್ಯೆ ಮಾತ್ರ ನಮಗೆ ಗೊತ್ತಿರುತ್ತದೆ, ಅಲ್ಲವೇ?

ಆದರೆ ಮೆಷಿನ್ನನ್ನು ದೂರಿ ನಾನು ಪಾರಾಗಬಹುದೇ? ಇಷ್ಟು ವರ್ಷ ಅವನ ಕೈಯಲ್ಲಿ ತಿಂದೆ. ಅವನಿಗೆ ಇಂಗ್ಲಿಷ್ ಬಾರದೆಂದು ನನಗೆ ಗೊತ್ತಿತ್ತೇ? ಒಮ್ಮೆ ಮಾತ್ರೆಯ ಡಬ್ಬಿ ತಂದು, "ಕನ್ನಡಕ ಬಿಟ್ಟು ಬಂದೆ ಅಮ್ಮ, ಇದೊಂದು ಓದಿ" ಎಂದು ಕೇಳಿದ್ದ. ನಾನು ಓದಿ ಹೇಳಿದ್ದೆ. ಆದರೆ ಶೀನಣ್ಣನನ್ನು ನಾನು ಕನ್ನಡಕದಲ್ಲಿ ನೋಡಿದ್ದೇ ಇಲ್ಲ. ಇದು ನಿಜವಾಗಿ ನಡೆದದ್ದೇ? ಅಥವಾ ಈಗ ವಿಷಯ ತಿಳಿದ ಮೇಲೆ ನನ್ನ ತಲೆ ಹೊಸದಾಗಿ ಹೊಲಿದದ್ದೇ? ಎಷ್ಟು ಯೋಚಿಸಿದರೂ ಡಬ್ಬಿಯ ಬಣ್ಣ ನೆನಪಾಗುತ್ತಿಲ್ಲ.

ಸೋಮವಾರ ಪೂರ್ವಿ ಆಫೀಸಿನಲ್ಲಿ ಮಾತಾಡಿ ಸ್ವಿಚ್ ಮತ್ತೆ ಹಾಕಿಸಿದಳು. ಒಂದು ಕ್ಲಿಕ್ಕಿನ ಕೆಲಸವಂತೆ. ಚೀಟಿ ಬಂದಾಗಲೆಲ್ಲ ಸುದ್ದಿ ಹೋಗುವಂತೆಯೂ ಸರಿಮಾಡಿಸಿದಳು. ಶೆಟ್ಟರಿಗೆ ಫೋನ್ ಮಾಡಿ, "ಅಂಕಲ್, ಕನ್ನಡ ವಾಪಸ್ ಬಂದಿದೆ, ಶೀನಣ್ಣನಿಗೆ ಹೇಳಿ, ಪ್ಲೀಸ್" ಅಂದಳು. ನಾನು ಪಕ್ಕದಲ್ಲೇ ಇದ್ದೆ. ಅವಳ ದನಿಯಲ್ಲಿ ಯೂನಿಫಾರಂ ತೊಟ್ಟಿದ್ದ ಕಾಲದ ಪುಟ್ಟಿ ಇದ್ದಳು.

ಮರುದಿನ ಶೆಟ್ಟರೇ ಫೋನ್ ಮಾಡಿದರು. ಪೂರ್ವಿ ಸ್ಪೀಕರಿಗೆ ಹಾಕಿದಳು.

"ಮಾತಾಡಿದೆ ಮಗಾ. ಬರುದಿಲ್ಲ ಅಂದ. ಕನ್ನಡದಲ್ಲೇ ಬರ್ತದೆ ಮಾರಾಯ ಅಂದೆ. 'ಕನ್ನಡವೂ ಕಾಣುದಿಲ್ಲ ಧಣಿ, ಕಣ್ಣೇ ಸಮ ಇಲ್ಲ' ಅಂದ. ಪುಟ್ಟಿ ಚಂದ ಇದ್ದಾಳಾ ಅಂತ ಕೇಳಿದ."

ಓದಲು ಬಾರದವನು ಅನ್ನಿಸಿಕೊಳ್ಳುವುದಕ್ಕಿಂತ ಕಣ್ಣು ಕಾಣದವನು ಅನ್ನಿಸಿಕೊಳ್ಳುವುದೇ ಮೇಲು. ಆ ಮಾತಿಗೆ ಅವನು ಈಗ ಕಟ್ಟುಬಿದ್ದಿದ್ದಾನೆ. ಕನ್ನಡ ಓದಲು ಬರುತ್ತದೆ ಅಂದರೆ ಇಂಗ್ಲಿಷ್ ಬಾರದು ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ?

ಶೆಟ್ಟರು ಕೆಮ್ಮಿದರು.

"ಮತ್ತೆ... ಇನ್ನೊಂದು. ಬೇಜಾರು ಮಾಡ್ಕೋಬೇಡ. ಈಗ ಇರುವ ಅಡುಗೆಯವ ಗಢವಾಲದವ. ಬೆಳಗ್ಗೆ ಚೀಟಿ ನೋಡಿ, 'ಸೇಟ್‌ಜೀ, ಯೇ ಜಲೇಬಿಯಾಂ ಕಿಸ್‌ನೇ ಛಾಪೀ?' ಅಂತ ಕೇಳ್ತಾನೆ. ನಮ್ಮ ಅಕ್ಷರ ಅವನಿಗೆ ಜಿಲೇಬಿ ಸುತ್ತಿದ ಹಾಗೆ ಕಾಣ್ತದಂತೆ. ಅದನ್ನು ಪುನಃ ಬಂದ್ ಮಾಡ್ಲಿಕ್ಕೆ ಆಗ್ತದಾ?"

"ಆಗತ್ತೆ ಅಂಕಲ್," ಅಂದಳು ಪೂರ್ವಿ.

ನಾನು ನೋಡುತ್ತಿದ್ದಂತೆಯೇ ಲ್ಯಾಪ್‌ಟಾಪ್ ತೆರೆದು ಬಂದ್ ಮಾಡಿದಳು. ಪರದೆಯ ಮೇಲೆ ಸೋಮವಾರದಿಂದ ಸ್ವಲ್ಪ ಮೇಲೆದ್ದಿದ್ದ ಗೆರೆ ಮೊನ್ನೆಯಿಂದ ನೆಲದ ಮೇಲೇ ಇದೆ.

ಈ ಸಲ ಸೊನ್ನೆ ಸುಳ್ಳು ಹೇಳುತ್ತಿಲ್ಲ.