ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಹೋದ ವಾರ ಸಂಜೆ ಯಾರೋ ಬಾಗಿಲು ಬಡಿದರು. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ, ಗದ್ವಾಲ್ ಕಡೆಯವಳು. "ಆಂಟೀ, ಕೊಂಚೆಂ ತೋಡು ಉಂದಾ?" ಅಂದಳು.

ಸ್ವಲ್ಪ ತೋಡು ಇದೆಯಾ ಅಂತ. ತೋಡು ಅಂದರೆ ತೆಲುಗಿನಲ್ಲಿ ಹೆಪ್ಪು. ಹಾಲು ಮೊಸರಾಗಲಿ ಅಂತ ಬಿಡುವ ಒಂದು ಚಮಚ ಹಳೇ ಮೊಸರು. ಗಡಿಯೂರಾದ ನಮ್ಮ ನಾರಾಯಣಪೇಟೆಯ ಒಂದೇ ಓಣಿಯಲ್ಲಿ ಅದಕ್ಕೆ ಮೂರು ಹೆಸರು. ನಮಗೆ ಹೆಪ್ಪು, ಪಕ್ಕದ ತೆಲುಗರಿಗೆ ತೋಡು, ಆಚೆ ಉರ್ದು ಮಾತಾಡುವವರಿಗೆ ಜಾಮನ್.

ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಆ ಶಬ್ದವನ್ನೂ ಆಡಬಾರದು. ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳಂತೆ. ತೀರಾ ಬೇಕೆಂದರೆ "ಹಾಲಿಗೆ ಹಾಕಾಕ ಒಂದೀಟು" ಅಂತ ಸುತ್ತಿ ಬಳಸಿ ಕೇಳಬೇಕು.

ನಾನೂ ಇದನ್ನೇ ಹೇಳಿ ನಾಳೆ ಬಾ ಅಂದೆ. ನಿಜ ಹೇಳಬೇಕೆಂದರೆ ಲಕ್ಷ್ಮಿಯ ಚಿಂತೆಗಿಂತ ಫ್ರಿಜ್ ತನಕ ಎದ್ದು ಹೋಗುವ ಬೇಸರವೇ ಹೆಚ್ಚಿತ್ತು...

ಒಳಗಿನಿಂದ ಅಜ್ಜಿ ಕೂಗಿದಳು. ತೊಂಬತ್ತು ದಾಟಿದವಳು, ಗೋಡೆ ಹಿಡಿದೇ ನಡೆಯುವವಳು. "ಕರೀ ಆಕೀನ. ಮೊದಲ ಕರೀ."

ಹುಡುಗಿ ಹೆಪ್ಪು ತೆಗೆದುಕೊಂಡು ಹೋದಳು. ಅಜ್ಜಿ ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಹೆಪ್ಪು ಕೊಡುವುದು ಹೊಸದೇನಲ್ಲ. ಇಷ್ಟೊಂದು ಮಡಿ ಮಾಡುವವಳು ಇದೊಂದರಲ್ಲಿ ಯಾಕೆ ಹೀಗೆ ಅಂತ ನಾವೆಲ್ಲ ಛೇಡಿಸುತ್ತಿದ್ದೆವು.

ಅವತ್ತೂ ಛೇಡಿಸಿದೆ. ಅವಳು ನಗಲಿಲ್ಲ. ನನ್ನನ್ನು ಕೂರಿಸಿಕೊಂಡು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು.

ನಲವತ್ತೆಂಟರಲ್ಲಿ ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಹೊಸತು. ಅಜ್ಜಿ ಆಗ ಮಕ್ತಲ್‌ನಲ್ಲಿ ಹದಿನಾಲ್ಕು ಹದಿನೈದರ ಹೊಸ ಸೊಸೆ. ಪಕ್ಕದ ಮನೆಯಲ್ಲಿ ದರ್ಜಿಯವನ ಹೆಂಡತಿ ಮಹಬೂಬಬೀ.

ಹಾಲು ಕಾಸಿದ ದಿನ ಮಹಬೂಬಬೀ ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ತನ್ನ ಮನೆಯಲ್ಲಿ ಜಾಮನ್ ಅನ್ನುವವಳು ನಮ್ಮ ಬಾಗಿಲಲ್ಲಿ ಹೆಪ್ಪು ಅನ್ನುವಳು. ತವರು ನೆನಸಿ ಅಳುತ್ತಿದ್ದ ಅಜ್ಜಿಗೆ ರವಿಕೆ ಹೊಲಿಯುವುದನ್ನು ಕಲಿಸಿದವಳೂ ಅವಳೇ.

ನಿಜಾಮನ ಪರವಾಗಿ ಊರೂರಿಗೆ ನುಗ್ಗುತ್ತಿದ್ದ ರಜಾಕಾರರ ದಿನಗಳಲ್ಲಿ ನಮ್ಮವರು ಹೆದರಿ ಬಾಗಿಲು ಹಾಕಿಕೊಂಡಿದ್ದರು. ಮಿಲಿಟರಿ ಬಂದ ಮೇಲೆ ಹೆದರಿಕೆ ಮಹಬೂಬಬೀಯಂಥ ಮುಸಲ್ಮಾನರ ಮನೆಗಳಿಗೆ ಹೋಯಿತು. ಹೊರಗೆ ಹೋದ ದರ್ಜಿಯವನು ಎರಡು ದಿನದಿಂದ ಮನೆಗೆ ಬಂದಿರಲಿಲ್ಲ.

ಆ ಸಂಜೆ ದೇವರಿಗೆ ದೀಪ ಹಚ್ಚಿ ಆಗಿದೆ. ಹಿತ್ತಲ ಬಾಗಿಲಲ್ಲಿ ಮಹಬೂಬಬೀ ನಿಂತಿದ್ದಾಳೆ. "ಸಣ್ಣಮ್ಮಾ, ಒಂದೀಟು ಹೆಪ್ಪು ಕೊಡ್ರಿ" ಅನ್ನುತ್ತಾಳೆ.

"ದೀಪ ಹಚ್ಚೇವಿ ಬೀಬೀ, ಮುಂಜಾನೆ ಬರ್ರಿ" ಅಂತಾಳೆ ಅಜ್ಜಿ.

"ಹೌದಲ್ಲ, ಮರತೇಬಿಟ್ಟೆ" ಅಂದು ಅವಳು ಹೋದಳು. ಅಜ್ಜಿ ಚಿಲಕ ಹಾಕಿದಳು.

ಬೆಳಿಗ್ಗೆ ನೋಡಿದರೆ ಆ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಯಾರೂ ಇಲ್ಲ. ಗುಲ್ಬರ್ಗಾ ಕಡೆ ಹೋದರು ಅಂತ ಕೆಲವರು ಅಂದರು. ಉಳಿದವರು ಏನೂ ಅನ್ನಲಿಲ್ಲ. ಅವಳಿಗೆ ಏನಾಯಿತು ಅನ್ನುವುದು ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ.

ಅಜ್ಜಿಯ ಕೈ ಹಿಡಿದು ಸಮಾಧಾನ ಮಾಡಲು ನೋಡಿದೆ. ಅವಳು ಹೆಪ್ಪು ಕೇಳಿದಳು, ನೀನು ಮನೆಯ ರೂಢಿ ಹೇಳಿದೆ, ಸಣ್ಣ ಹುಡುಗಿ, ನಿನಗೆ ಹೆಚ್ಚಿಗೆ ಏನು ತಿಳಿಯಬೇಕಿತ್ತು ಅಂದೆ.

ಅಜ್ಜಿ ಕೈ ಬಿಡಿಸಿಕೊಂಡಳು.

"ಆಕಿಗೂ ಗೊತ್ತಿತ್ತವ್ವಾ ನಮ್ಮ ರೂಢಿ. ಆಕಿ ಕೈಯಾಗ ಬಟ್ಟಲ ಇರ್ಲಿಲ್ಲ. ಬಗಲಾಗ ಕೂಸಿತ್ತು. ಒಳಗ ಕರೀಲಿ ಅಂತ ಬಂದಿದ್ಳು... ನಾ ನೋಡೀನಿ. ನೋಡೇ ಚಿಲಕ ಹಾಕೀನಿ."

ಅವತ್ತು ಆ ಬಾಗಿಲಲ್ಲಿ ನೀವಿದ್ದಿದ್ದರೆ ಒಳಗೆ ಕರೆಯುತ್ತಿದ್ದಿರಾ? ನನಗಂತೂ ಹೌದು ಅನ್ನಲು ಇನ್ನೂ ಧೈರ್ಯ ಬಂದಿಲ್ಲ.