ಭರ್ಜಿಯ ಮುದುಕನ ಕುರಿತು ನನ್ನ ಅಭಿಪ್ರಾಯ

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಅಂಗಿ ಇದೆ. ನನ್ನ ಹೆಂಡತಿ ತನ್ನ ಹಳೆಯ ನೈಟಿಯನ್ನು ಕತ್ತರಿಸಿ ಹೊಲಿದದ್ದು. ನೀಲಿಯ ಮೇಲೆ ಹಳದಿ ಹೂಗಳು, ಒಂದು ಮಗ್ಗುಲಲ್ಲಿ ತೆಗೆಯಲು ಮರೆತ ಒಂದು ಗುಂಡಿ. ಉಪ್ಪಳದಲ್ಲಿ ಹೆದ್ದಾರಿಗೆ ಇಷ್ಟು ಹತ್ತಿರ ಮನೆ ಕಟ್ಟಿಕೊಂಡವರಿಗೆ ಧೂಳು ಮನೆಯ ಸದಸ್ಯನೇ, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ ಅಷ್ಟೆ. ಕಂಪ್ಯೂಟರು ನನ್ನ ಭಾವನದು. ಅವನು ಎರಡನೆಯ ಸಲ ಗಲ್ಫಿಗೆ ಹೋಗುವಾಗ, ನನ್ನ ಮಗಳು ಪ್ರಜ್ಞಾಳ ಓದಿಗೆ ಇರಲಿ ಎಂದು ಬಿಟ್ಟುಹೋದ. ಓದಿಗೆ ಬಿಟ್ಟದ್ದರೊಳಗೆ ಒಂದು ಆಟವೂ ಇತ್ತು. ಅದನ್ನು ಅವನು ಹೇಳಿರಲಿಲ್ಲ.

ನಾನು ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಐದನೆಯ ತರಗತಿಯ ನಡುವಿನಲ್ಲಿ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ನಾಚಿಕೆಯಿಲ್ಲ; ಮುಂದೆ ಅದೇ ಶಾಲೆಯ ಆವರಣದ ಗೋಡೆಯನ್ನು ನಾನೇ ಕಟ್ಟಿದೆ, ಒಳಗೆ ಕುಳಿತು ಓದು ಮುಗಿಸಿದವರಲ್ಲಿ ಯಾರೂ ಆ ಶಾಲೆಗೆ ಅಷ್ಟು ಉಪಯೋಗಕ್ಕೆ ಬಿದ್ದದ್ದನ್ನು ನಾನು ಕೇಳಿಲ್ಲ. ಇಂಥ ನಾನು ಒಂದು ಕಂಪ್ಯೂಟರ್ ಆಟದ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿದ್ದೇನೆ ಎಂದರೆ ನೀವು ನಗಬಹುದು. ನಗಿ. ಆದರೆ ಆ ಅಭಿಪ್ರಾಯದ ದೆಸೆಯಿಂದಲೇ, ನನಗೆ ಕೆಲಸ ಕಲಿಸಿದ ಐತಪ್ಪಣ್ಣ ಇನ್ನು ನನ್ನ ಜೊತೆ ಕೆಲಸಕ್ಕೆ ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆ ನನಗೆ ಸರಿಯಾಗಿ ಅರ್ಥವಾದದ್ದು. ಆದ್ದರಿಂದ ನಕ್ಕು ಮುಗಿಸಿದ ಮೇಲೆ ಸ್ವಲ್ಪ ಕೇಳಿ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ನಾನು ಅಟ್ಟಣಿಗೆಯಿಂದ ಜಾರಿ ಪಾದದ ಗಂಟು ಮುರಿದುಕೊಂಡೆ. ಒಂದೂವರೆ ತಿಂಗಳು ಪ್ಲಾಸ್ಟರು. ದುಡಿದು ಅಭ್ಯಾಸವಾದ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿದರೆ ಅವನು ಮನೆಯವರ ಕೆಲಸದಲ್ಲಿ ತಪ್ಪು ಹುಡುಕಲು ತೊಡಗುತ್ತಾನೆ. ಸಾಂಬಾರಿನ ಬಗ್ಗೆ ನಾನು ಮೂರನೆಯ ಸಲ ಸಲಹೆ ಕೊಟ್ಟ ದಿನ ಹೆಂಡತಿ ಕಂಪ್ಯೂಟರಿನ ಅಂಗಿ ಬಿಚ್ಚಿ, "ಪ್ರಜ್ಞಾ, ನಿನ್ನ ಅಪ್ಪನಿಗೆ ಎಂತಾದರೂ ತೋರಿಸು ಮಾರಾಯ್ತಿ, ಇಲ್ಲದಿದ್ರೆ ನಾನು ತವರಿಗೆ ಹೋಗ್ತೇನೆ" ಎಂದಳು.

ಆಟದ ಕಥೆ ಹೀಗೆ. ಆರು ಜನರ ಒಂದು ತಂಡ, ಬೆಟ್ಟಗಳಾಚೆಯ ಒಂದು ಗುಡಿಗೆ ಆರಿಹೋದ ದೀಪವನ್ನು ಹೊತ್ತುಕೊಂಡು ಹೋಗಬೇಕು. ದಾರಿಯಲ್ಲಿ ಊರುಗಳು, ಕಳ್ಳರು, ಸೇತುವೆಗಳು, ಮತ್ತು ಮಾತು. ಮಾತೆಂದರೆ ಎಷ್ಟು ಮಾತು, ನಮ್ಮ ಪಂಚಾಯತಿನ ಸಭೆಯಲ್ಲಿಯೂ ಅಷ್ಟಿಲ್ಲ. ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ, ಯಾರಿಗೆ ಯಾವ ಆಯುಧ, ಯಾರನ್ನು ತಂಡದಲ್ಲಿ ಉಳಿಸಿಕೊಳ್ಳಬೇಕು, ಯಾರನ್ನು ಕಳುಹಿಸಬೇಕು ಎಂಬುದನ್ನೆಲ್ಲ ಆಡುವವನೇ ತೀರ್ಮಾನಿಸಬೇಕು. ಪ್ರಜ್ಞಾ ಇಂಗ್ಲಿಷನ್ನು ಓದಿ ಹೇಳುತ್ತಿದ್ದಳು, ನಾನು ತೀರ್ಮಾನ ಹೇಳುತ್ತಿದ್ದೆ. ಎರಡು ದಿನಗಳಲ್ಲಿ ನನಗೆ ತಿಳಿಯಿತು: ಇದು ಆಟವೇನಲ್ಲ, ಮೇಸ್ತ್ರಿಯ ಕೆಲಸ. ಇಪ್ಪತ್ತು ವರ್ಷಗಳಿಂದ ನಾನು ಇದನ್ನೇ ಮಾಡುತ್ತಿದ್ದೇನೆ, ಭರ್ಜಿಯ ಬದಲು ಕರಣೆ ಹಿಡಿದು.

ಆ ಆರು ಜನರಲ್ಲಿ ಒಬ್ಬ ಮುದುಕನಿದ್ದ. ಕೈಯಲ್ಲಿ ಉದ್ದದ ಭರ್ಜಿ, ನಡೆದರೆ ಎಲ್ಲರಿಗಿಂತ ಹತ್ತು ಹೆಜ್ಜೆ ಹಿಂದೆ. ಅವನ ಬಗ್ಗೆ ಲೋಕದ ಅಭಿಪ್ರಾಯ ಏನೆಂದು ತಿಳಿಯುವ ಭಾಗ್ಯವೂ ನನಗೆ ಒದಗಿತು. ಈ ಆಟ ಆಡಿದವರೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದೆಡೆ ಸೇರಿ ಅಭಿಪ್ರಾಯ ಬರೆಯುತ್ತಾರಂತೆ. ಕೆಲವರು ಆಟದ ಕಥೆ ಚೆನ್ನಾಗಿದೆ ಎನ್ನುತ್ತಾರೆ, ಕೆಲವರು ಕಥೆ ಚೆನ್ನಾಗಿಲ್ಲ ಸಂಗೀತ ಚೆನ್ನಾಗಿದೆ ಎನ್ನುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ಹುಚ್ಚರು ಎನ್ನುತ್ತಾರೆ. ಮುದುಕನ ವಿಷಯದಲ್ಲಿ ಮಾತ್ರ ಎಲ್ಲರಲ್ಲಿಯೂ ಅಪೂರ್ವವಾದ ಒಗ್ಗಟ್ಟು. ಎರಡನೆಯ ಊರಿನಲ್ಲಿ ಅವನನ್ನು ಬಿಟ್ಟುಬಿಡಿ, ಅಲ್ಲಿ ಸಿಗುವ ಬಿಲ್ಲುಗಾರ್ತಿಯನ್ನು ಸೇರಿಸಿಕೊಳ್ಳಿ.

"ಅಪ್ಪಾ, ನೂರು ಜನ ಹೀಗೇ ಹೇಳ್ತಾರೆ," ಎಂದಳು ಪ್ರಜ್ಞಾ.

"ನೂರು ಜನರಲ್ಲಿ ಎಷ್ಟು ಜನ ಗೋಡೆ ಕಟ್ಟಿದ್ದಾರೆ ಅಂತ ಕೇಳು."

"ಅದು ಹೇಗೆ ಕೇಳುವುದು?"

"ಹಾಗಾದ್ರೆ ನನ್ನ ಅಭಿಪ್ರಾಯ ಬರೆ."

ನಾನು ಹೇಳಿದ್ದನ್ನು ಅವಳು ಇಂಗ್ಲಿಷಿನಲ್ಲಿ ಬರೆದಳು: ವಯಸ್ಸಾದವರನ್ನು ದಾರಿಯ ನಡುವೆ ಬಿಟ್ಟುಹೋಗುವುದು ಸಂಸ್ಕಾರವಂತರ ಲಕ್ಷಣವಲ್ಲ, ನಾನು ಉಳಿಸಿಕೊಂಡಿದ್ದೇನೆ, ಸುರಕ್ಷಿತವಾಗಿ ಹಿಂದೆ ನಿಲ್ಲಿಸಿದ್ದೇನೆ, ಯಾವ ಕಷ್ಟವನ್ನೂ ಕೊಟ್ಟಿಲ್ಲ. ಮರುದಿನ ಯಾವುದೋ ದೇಶದ ಒಬ್ಬ ಉತ್ತರ ಬರೆದಿದ್ದ. ನೀವು ಈ ಆಟವನ್ನು ತಪ್ಪಾಗಿ ಆಡುತ್ತಿದ್ದೀರಿ, ಎಂದು. ಕಾಲಿಗೆ ಪ್ಲಾಸ್ಟರು ಇದ್ದುದು ಅವನ ಪುಣ್ಯ.

ಅಷ್ಟು ಸಿಟ್ಟು ಯಾಕೆ ಬಂತೆಂದು ನೀವು ಕೇಳಬಹುದು. ನಾನು ಬರೆಸಿದ್ದು ಆಟದ ಮುದುಕನ ಬಗ್ಗೆಯಾದರೂ ನನ್ನ ಮನಸ್ಸಿನಲ್ಲಿ ಇದ್ದವರು ಐತಪ್ಪಣ್ಣ. ಮಂಗಲ್ಪಾಡಿಯವರು. ಶಾಲೆ ಬಿಟ್ಟು ಬಂದ ನನಗೆ ನೂಲು ಹಿಡಿಯುವುದನ್ನು, ತೂಗುಗುಂಡು ಬಿಡುವುದನ್ನು, ಕಲ್ಲಿನ ಮೋರೆ ನೋಡಿ ಅದರ ಜಾತಕ ಹೇಳುವುದನ್ನು ಕಲಿಸಿದವರು. ಮುಂದೆ ನಾನು ಸ್ವಂತ ಕೆಲಸ ಹಿಡಿದಾಗ, ಶಿಷ್ಯನ ಕೈಕೆಳಗೆ ಕೆಲಸ ಮಾಡಲು ಒಪ್ಪಿ ಬಂದವರು ಕೂಡ ಅವರೇ. ಎರಡು ವರ್ಷಗಳ ಹಿಂದೆ ಅವರು ಕಟ್ಟಿದ ಒಂದು ಗೋಡೆ ಒಂದು ಬೆರಳಿನಷ್ಟು ವಾಲಿತು. ಕಣ್ಣು ಮಂಜಾಗಿತ್ತು, ಪಾಪ. ನಾನು ಒಂದು ಮಾತೂ ಆಡಲಿಲ್ಲ. ಭಾನುವಾರ ಯಾರೂ ಇಲ್ಲದಾಗ ಹೋಗಿ, ಗೋಡೆಯನ್ನು ನಾನೊಬ್ಬನೇ ಬಿಚ್ಚಿ ಮತ್ತೆ ಕಟ್ಟಿದೆ. ಸೋಮವಾರದಿಂದ ಅವರಿಗೆ ಹೊಸ ಗೋಡೆಗಳಿಗೆ ನೀರು ಹಾಯಿಸುವ ಕೆಲಸ ಕೊಟ್ಟೆ. ಪೈಪು ಹಿಡಿದು ನಿಂತರೆ ಸಾಕು. ಇಂಥ ಔದಾರ್ಯ ಈ ಕಾಲದಲ್ಲಿ ಎಷ್ಟು ಜನರಲ್ಲಿದೆ ಎಂದು ನಾನು ಆಗಾಗ ಯೋಚಿಸುತ್ತಿದ್ದೆ. ನನ್ನನ್ನು ಬಿಟ್ಟು ಬೇರೆ ಹೆಸರು ಥಟ್ಟನೆ ನೆನಪಾಗುತ್ತಿರಲಿಲ್ಲ.

ಹೀಗಿರುವಾಗ ನಾಲ್ಕನೆಯ ಊರಿನ ಛತ್ರದಲ್ಲಿ ಬೆಳಗಾಗುವ ಹೊತ್ತಿಗೆ ಆಟದ ಮುದುಕ ತಂಡದಲ್ಲಿ ಇರಲಿಲ್ಲ. ಹಾಸಿಗೆ ಮಡಚಿಟ್ಟು ಹೋಗಿದ್ದ. ಯಾರೂ ಕೊಂದದ್ದಲ್ಲ, ಕದ್ದದ್ದಲ್ಲ, ತಾನಾಗಿ ಹೋದದ್ದು.

"ಕಂಪ್ಯೂಟರ್ ಹಾಳಾಗಿದೆ," ಎಂದೆ.

"ಹಾಳಾಗಿಲ್ಲ ಅಪ್ಪಾ."

"ಹಾಗಾದ್ರೆ ಆಟ ಹಾಳಾಗಿದೆ. ದೂರು ಬರೆ. ನಾನು ಅವನಿಗೆ ಎಂತ ಕಡಿಮೆ ಮಾಡಿದ್ದೆ?"

ಅವಳು ದೂರು ಬರೆದಳು, ಜೊತೆಗೆ ಅಲ್ಲಿದ್ದ ಹಳೆಯ ಅಭಿಪ್ರಾಯಗಳನ್ನು ಹುಡುಕಿದಳು. ಮುದುಕನನ್ನು ಉಳಿಸಿಕೊಂಡವರು ಜಗತ್ತಿನಲ್ಲಿ ನಾನೊಬ್ಬನೇ ಆಗಿರಲಿಲ್ಲ. ಇನ್ನೂ ಕೆಲವರಿದ್ದರು, ಅವರ ಮುದುಕರೂ ಓಡಿಹೋಗಿದ್ದರು. ಅವರ ನಡುವೆ ಒಬ್ಬ ಹೆಂಗಸು ಬರೆದಿದ್ದಳು: ನನ್ನ ಮುದುಕ ಕೊನೆಯ ತನಕ ಇದ್ದಾನೆ. ರಾತ್ರಿ ತಂಡ ಬೆಂಕಿ ಹಾಕಿ ಕೂರುವಾಗ, ನಾಳೆ ಯಾವ ದಾರಿ ಎಂದು ಅವನನ್ನು ಕೇಳುವ ಅವಕಾಶ ಇರುತ್ತದೆ. ಮೂರು ಊರು ದಾಟುವ ತನಕ ಒಮ್ಮೆಯೂ ಕೇಳದಿದ್ದರೆ ಅವನು ಹೋಗಿಬಿಡುತ್ತಾನೆ. ಕೇಳಿದರೆ ಸಾಕು, ಅವನು ಹೇಳಿದ ದಾರಿಯಲ್ಲೇ ಹೋಗಬೇಕೆಂದಿಲ್ಲ.

"ನಾನು ಪ್ರತಿ ಸಲ ನಿಮ್ಮ ಹತ್ರ ಕೇಳಿದ್ದೆ, ಅವನನ್ನು ಕೇಳುವುದಾ ಅಂತ," ಎಂದಳು ಪ್ರಜ್ಞಾ. "ಪಾಪ, ಅವನಿಗೆ ಯಾಕೆ ತೊಂದರೆ, ಬಿಡು, ಅಂದಿರಿ."

ಹೌದು, ಅಂದಿದ್ದೆ.

ಪ್ಲಾಸ್ಟರು ತೆಗೆದ ಮೇಲೆ, ಮಳೆಗೆ ಬಿಡುವು ಸಿಕ್ಕಿದಾಗ ಕೆಲಸ ಮತ್ತೆ ಶುರುಮಾಡಿದೆ. ಮೊದಲ ದಿನ ಐತಪ್ಪಣ್ಣ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಅವರ ಊರಿನ ಕಡೆಯ ಆಳಿನ ಹತ್ತಿರ ಹೇಳಿ ಕಳುಹಿಸಿದೆ. ಸಂಜೆ ಅವನು ತಂದ ಉತ್ತರ ಇಷ್ಟೆ: "ನೀರು ಹಾಯಿಸ್ಲಿಕ್ಕೆ ಮಳೆ ಉಂಟಲ್ಲ, ನಾನು ಯಾಕೆ, ಅಂತ ಕೇಳಿದ್ರು." ಕೆಲಸದವರೆಲ್ಲ ನಕ್ಕರು. ನಾನೂ ನಕ್ಕೆ. ಮೇಸ್ತ್ರಿ ನಗದಿದ್ದರೆ ಚೆನ್ನಾಗಿರುವುದಿಲ್ಲ.

ಅಭಿಮಾನಿಯಾದವನು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ಅವರಿಲ್ಲದೆಯೂ ಆಗುತ್ತದೆ ಎಂದು ತೋರಿಸಲು ಹೊರಟೆ. ಕಲ್ಲಿನ ಕೋರೆಗೆ ಹೋಗುವಾಗ ಅಷ್ಟು ವರ್ಷವೂ ಅವರನ್ನು ಕರೆದುಕೊಂಡು ಹೋಗುವುದು ರೂಢಿ. ನೀರಿನ ಕೆಲಸಕ್ಕೆ ಹಾಕಿದ ಮೇಲೆ ಅದನ್ನೂ ನಿಲ್ಲಿಸಿ, ಕೋರೆಯವರು ಕಳುಹಿಸಿದ ಕಲ್ಲಿನಲ್ಲಿ ಸುಧಾರಿಸುತ್ತಿದ್ದೆ. ಈ ಸಲ ನಾನೇ ಹೋಗಿ, ನಾನೇ ಆರಿಸಿ, ಒಂದು ಲೋಡು ತಂದೆ. ಯಂತ್ರದಲ್ಲಿ ಕೊಯ್ದ ಕಲ್ಲು, ಅಂಚು ನೇರ, ಬಣ್ಣ ಕುಂಕುಮದಂತೆ. ಮೂರು ಸಾಲು ಕಟ್ಟಿದೆವು. ಎರಡು ದಿನ ಮಳೆ ಬಂತು. ಮೂರನೆಯ ದಿನ ಗೋಡೆಯನ್ನು ಬೆರಳಿನಿಂದ ಉಜ್ಜಿದರೆ ಕಲ್ಲು ನೆನೆದ ಬಿಸ್ಕತ್ತಿನಂತೆ ಕೈಗೆ ಬಂತು.

ಅವತ್ತು ಮಧ್ಯಾಹ್ನ ಊಟ ಬಿಟ್ಟು ಮಂಗಲ್ಪಾಡಿಗೆ ಹೋದೆ. ಐತಪ್ಪಣ್ಣ ಜಗಲಿಯಲ್ಲಿ ಕುಳಿತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ಕಣ್ಣಿಗೆ ಕಾಣದಿದ್ದರೂ ನಡಿಗೆಯಲ್ಲಿ ಗುರುತು ಹಿಡಿದರು.

"ಸಂಜೀವ, ಕಾಲು ಇನ್ನೂ ಎಳೀತಿ."

"ಹೂಂ. ಐತಪ್ಪಣ್ಣ, ಕಲ್ಲು ಹಾಳು ಬಂತು."

"ಯಾರು ಆರಿಸಿದ್ದು?"

"ನಾನು."

ಅವರು ಒಂದು ಬೀಜದ ಸಿಪ್ಪೆಯನ್ನು ಪೂರ್ತಿ ಬಿಡಿಸಿದರು. "ಎಷ್ಟು ಸಾಲು ಕಟ್ಟಿದ್ದಿ?"

"ಮೂರು."

"ಬಿಚ್ಚು. ಭಾನುವಾರವೇ ಬಿಚ್ಚಬೇಕು ಅಂತ ಇಲ್ಲ, ಜನ ಇರುವಾಗಲೂ ಬಿಚ್ಚಬಹುದು."

ನಾನು ಜಗಲಿಯ ಅಂಚಿನಲ್ಲಿ ಕುಳಿತೆ.

"ನನಗೆ ಗೊತ್ತಾಗ್ಲಿಲ್ಲ ಅಂತ ಎಣಿಸಿದ್ದಿಯಾ? ಸೋಮವಾರ ನೀನೇ ನನ್ನ ಕೈಗೆ ಪೈಪು ಕೊಟ್ಟು, ಆ ಗೋಡೆಯ ಹತ್ರ ನಿಲ್ಲಿಸಿದ್ದಿ. ನಾನು ಕಟ್ಟಿದ್ದು ಬುಧವಾರ. ಗಾರೆ ಇನ್ನೂ ಹಸಿ. ಕಣ್ಣು ಹೋದ್ರೆ ಕೈಯೂ ಹೋಗ್ತದಾ ಮಾರಾಯ? ವಾಲಿದೆ, ಬಿಚ್ಚುವಾ ಅಂತ ಒಂದು ಮಾತು ಹೇಳಿದ್ರೆ ನಾನೇ ಬಿಚ್ಚುತ್ತಿದ್ದೆ. ನಿನಗೆ ಎಷ್ಟು ಗೋಡೆ ಬಿಚ್ಚಿಸಿದ್ದೇನೆ ನಾನು, ನಿನಗೆ ಬೇಜಾರಾದೀತು ಅಂತ ಒಂದು ದಿನ ನೋಡಿದ್ದೇನಾ?"

ನೋಡಿರಲಿಲ್ಲ. ಒಮ್ಮೆ ಒಂದೇ ಗೋಡೆಯನ್ನು ಎರಡು ಸಲ ಬಿಚ್ಚಿಸಿದ್ದರು, ಅದೂ ಮನೆಯ ಯಜಮಾನರ ಎದುರಿನಲ್ಲಿ. ಆಗ ನನಗೆ ಅವಮಾನವಾಗಿತ್ತು. ಆದರೆ ಮರುದಿನ ಕೆಲಸಕ್ಕೆ ಹೋಗದೆ ಇರಬೇಕು ಎಂದು ಅನಿಸಿರಲಿಲ್ಲ. ಬೈಸಿಕೊಂಡವನಿಗೆ ತಾನು ಆ ಕೆಲಸದವನು ಎಂಬ ಭರವಸೆಯಾದರೂ ಇರುತ್ತದೆ. ಕರುಣೆಗೆ ಪಾತ್ರನಾದವನಿಗೆ ಅದೂ ಇರುವುದಿಲ್ಲ ಎಂಬುದು ನನಗೆ ಈ ವಯಸ್ಸಿನಲ್ಲಿ, ಹಲಸಿನ ಬೀಜದ ರಾಶಿಯ ಎದುರು, ಹೊಳೆಯಿತು.

"ನಾಳೆ ಕೋರೆಗೆ ಬರ್ತೀರಾ?" ಎಂದು ಕೇಳಿದೆ. "ನನಗೆ ಕಲ್ಲು ಗೊತ್ತಾಗುವುದಿಲ್ಲ." ನಲವತ್ತಾರು ವರ್ಷದ ಮೇಸ್ತ್ರಿ ಹಗಲು ಹೊತ್ತಿನಲ್ಲಿ ಹೇಳಬಹುದಾದ ವಾಕ್ಯವಲ್ಲ ಇದು. ಅವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಒಂದು ಹಿಡಿ ಬೀಜವನ್ನು ಕಾಗದದಲ್ಲಿ ಕಟ್ಟಿ, ಸಾಂಬಾರಿಗೆ ಹಾಕಲಿ ಎಂದು ಕೊಟ್ಟರು. ಮನೆಗೆ ಬಂದು ಪ್ರಜ್ಞಾಳ ಹತ್ತಿರ, ಆಟದ ಮೇಲೆ ನಾನು ಕೊಟ್ಟ ದೂರನ್ನು ಹಿಂದಕ್ಕೆ ತೆಗೆಯಲು ಹೇಳಿದೆ. ತೆಗೆಯಲು ಆಗುವುದಿಲ್ಲ, ಕೆಳಗೆ ಇನ್ನೊಂದು ಅಭಿಪ್ರಾಯ ಬರೆಯಬಹುದು ಎಂದಳು. ಆಟದಲ್ಲಿ ತಪ್ಪಿಲ್ಲ, ಎಂದು ಬರೆಸಿದೆ. ಅಷ್ಟು ಚಿಕ್ಕ ಅಭಿಪ್ರಾಯ ಅಲ್ಲಿ ಬೇರೆ ಯಾರದೂ ಇಲ್ಲವಂತೆ.

ಮರುದಿನ ನಾನು ಕೋರೆಗೆ ತಲಪುವಾಗ ಐತಪ್ಪಣ್ಣ ಆಗಲೇ ಬಂದಿದ್ದರು. ಸುತ್ತಿಗೆಯ ಹಿಂಬದಿಯಿಂದ ಒಂದೊಂದೇ ಕಲ್ಲನ್ನು ತಟ್ಟಿ, ತಲೆಯನ್ನು ಸ್ವಲ್ಪ ವಾರೆ ಮಾಡಿ ಕೇಳುತ್ತಿದ್ದರು. ಬೇಡವಾದದ್ದು ಎಡಕ್ಕೆ, ಬೇಕಾದದ್ದು ಬಲಕ್ಕೆ. ಎಡಗಡೆಯ ರಾಶಿ ಬೆಳೆಯುವುದನ್ನು ನೋಡಿ ಕೋರೆಯವನ ಮೋರೆ ಸಣ್ಣದಾಗುತ್ತಿತ್ತು. ನಾನು ಕಲ್ಲು ಎತ್ತಿಕೊಡುತ್ತಿದ್ದೆ, ಕಲಿಯಲು ಬಂದ ಮೊದಲ ವರ್ಷದ ಹಾಗೆ. ಒಂದು ಕಲ್ಲನ್ನು ಅವರು ತಟ್ಟಿದರು, ಇನ್ನೊಮ್ಮೆ ತಟ್ಟಿದರು, ಆಮೇಲೆ ಸುತ್ತಿಗೆಯನ್ನು ನನ್ನ ಕಡೆಗೆ ಚಾಚಿದರು.

"ನಿನಗೆ ಎಂತ ಅನಿಸ್ತದೆ?"

ಮೂವತ್ತೈದು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ತಟ್ಟಿದೆ, ಕಣ್ಣು ಮುಚ್ಚಿ ಕೇಳಿದೆ, ಸಾಕಷ್ಟು ಯೋಚಿಸಿದೆ.

"ಒಳ್ಳೆಯ ಕಲ್ಲು," ಎಂದೆ.

"ಅಲ್ಲ," ಎಂದರು ಐತಪ್ಪಣ್ಣ.

ಎತ್ತಿ ಎಡಕ್ಕೆ ಇಟ್ಟೆ.